ಆರ್‌ಎಕ್ಸ್-7 ಇಂಜಿನ್ ತಡವಾಗುತ್ತಿದೆ, ವಾಪಸ್ ತರಲಾ?

ನಿಮ್ಮ ಎಫ್‌ಡಿ ಆರ್‌ಎಕ್ಸ್-7ರ (ಮಜ್ದಾ ಕಂಪನಿಯ ರೋಟರಿ ಇಂಜಿನ್ ಸ್ಪೋರ್ಟ್ಸ್ ಕಾರು) ಇಂಜಿನ್ ರಿಪೇರಿಗೆಂದು ಬಿಲ್ಡರ್ ಹತ್ತಿರ ಹೋಗಿ ಐದು ತಿಂಗಳಾಯ್ತು, ಇನ್ನೂ ಎರಡು ತಿಂಗಳು ಅಂತಾರೆ, ಬೇರೆಯವರಿಗೆ ಕೊಡಲಾ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. ಬಿಚ್ಚಿದ 13ಬಿ ಇಂಜಿನ್ (ಈ ಕಾರಿನ ರೋಟರಿ ಇಂಜಿನ್) ಡಬ್ಬದಲ್ಲಿ ತಂದರೆ ಹೊಸಬರು ಎಲ್ಲಾ ಅಳತೆ ಮೊದಲಿನಿಂದ ತೆಗೆಯಬೇಕು. ನೀವು ಮತ್ತೆ ಸಾಲಿನ ಕೊನೆಯಲ್ಲಿ ನಿಲ್ಲುತ್ತೀರಿ.

ಇದರಲ್ಲಿ ಪಿಸ್ಟನ್ ಇಲ್ಲ ಅಲ್ವಾ, ಇರುವುದು ಸುತ್ತುವ, ಮೂರು ಮೂಲೆಯ ಎರಡು ರೋಟರ್. ಪ್ರತಿ ರೋಟರಿನ ಮೂರು ತುದಿಯಲ್ಲೂ ಅಪೆಕ್ಸ್ ಸೀಲ್, ಅಂದರೆ ಗಾಳಿ ಸೋರದಂತೆ ತಡೆಯುವ ಪಟ್ಟಿ. ಅವು ಉಜ್ಜಿಕೊಂಡು ಓಡುವ ಹೌಸಿಂಗ್ (ರೋಟರ್ ಸುತ್ತಲಿನ ಕವಚ) ಒಳಮೈಯಲ್ಲಿ ಕ್ರೋಮ್ ಲೇಪನ ಎದ್ದಿದ್ದರೆ ಎಷ್ಟು ಒಳ್ಳೆ ಸೀಲ್ ಹಾಕಿದರೂ ಕಂಪ್ರೆಶನ್ (ಒಳಗಿನ ಒತ್ತಡ) ಉಳಿಯುವುದಿಲ್ಲ. ಪಕ್ಕದ ಕಬ್ಬಿಣದ ಪ್ಲೇಟ್ ಸವೆದಿದ್ದರೆ ಲ್ಯಾಪಿಂಗ್ (ನುಣ್ಣಗೆ ಉಜ್ಜಿ ಸಮತಟ್ಟು ಮಾಡುವುದು) ಆಗಬೇಕು. ನೀವು ಪೋರ್ಟಿಂಗ್ (ಗಾಳಿ, ಹೊಗೆ ಓಡಾಡುವ ದಾರಿಯನ್ನು ಉಜ್ಜಿ ದೊಡ್ಡದು ಮಾಡುವುದು) ಕೂಡ ಹೇಳಿದ್ದೀರಿ. ಅಲ್ಲಿ ಜಾಸ್ತಿ ಉಜ್ಜಿ ತೆಗೆದ ಲೋಹ ವಾಪಸ್ ಬರುವುದಿಲ್ಲ. ಆ ಕೆಲಸಕ್ಕೆ ಅವಸರ ಮಾಡಲೇಬೇಡಿ.

ಆದರೆ ಸುಮ್ನೆ ಕಾಯಬೇಡಿ. ಹೌಸಿಂಗ್ ಫೋಟೋ, ಸೀಲ್ ಕ್ಲಿಯರೆನ್ಸ್ (ಸಂದಿಯ ಅಳತೆ) ಬರೆದ ಹಾಳೆ, ಯಾವ ಭಾಗಕ್ಕೆ ಆರ್ಡರ್ ಹೋಗಿದೆ ಎಂಬ ವಿವರ ಕೇಳಿ. ಅದನ್ನೂ ಕೊಡದಿದ್ದರೆ ಮಾತ್ರ ಜಾಗ ಬದಲಿಸಿ.

ಅಷ್ಟರಲ್ಲಿ ರೇಡಿಯೇಟರ್, ವ್ಯಾಕ್ಯೂಮ್ ಹೋಸ್, ಇಂಜೆಕ್ಟರ್ ನೋಡಿ. ಈ ಕಾರಿನ ತಯಾರಿಕೆ 2002ರಲ್ಲೇ ನಿಂತಿದೆ, ಹಳೇ ರಬ್ಬರ್ ಗಟ್ಟಿಯಾಗಿರುತ್ತದೆ. ಇಂಜಿನ್ ಬಿಸಿ ಏರಿದರೆ ತಂಪು ನೀರು ಸೋರದಂತೆ ತಡೆಯುವ ವಾಟರ್ ಸೀಲ್ ಹೋಗುತ್ತದೆ. ಇಂಜೆಕ್ಟರ್ ಕಟ್ಟಿಕೊಂಡು ಪೆಟ್ರೋಲ್ ಕಡಿಮೆಯಾದರೆ ಡೆಟೊನೇಶನ್ (ಇಂಧನ ಒಮ್ಮೆಲೇ ಸಿಡಿಯುವುದು) ಆಗಿ ಹೊಸ ಅಪೆಕ್ಸ್ ಸೀಲೇ ಮುರಿಯಬಹುದು. ನನಗೆ ಇದೇ ದೊಡ್ಡ ಭಯ.

ಕಾರು ಕೈಗೆ ಬಂದಾಗ ರೋಟರಿ ಟೆಸ್ಟರಿನಲ್ಲೇ ಕಂಪ್ರೆಶನ್ ನೋಡಿಸಿ. ಮಾಮೂಲಿ ಗೇಜ್ ರೋಟರಿನ ಮೂರು ಮುಖಗಳ ಅಂಕಿಯನ್ನು ಬೇರೆ ಬೇರೆಯಾಗಿ ತೋರಿಸುವುದಿಲ್ಲ.