ಪ್ರತಿ: ಕಥೆಯ ಊರು, ಶೂಟಿಂಗ್ ಊರು ಎರಡಕ್ಕೂ ಒಂದೇ ಪಿನ್ ಸಾಕಾ?

ಸಿನಿಮಾ, ಸೀರಿಯಲ್‌ಗಳ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸುವಾಗ ಒಂದೇ ಪಿನ್ ಸಾಕಾಗಲ್ಲ. ಎರಡಕ್ಕೂ ಬೇರೆ ಲೇಯರ್ (ನಕ್ಷೆಯ ಪದರ) ಮಾಡಿ, ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ಸುಲಭ. ‘ಮಾಲ್ಗುಡಿ ಡೇಸ್’ ನೋಡಿ. ಬಹುಪಾಲು ಶೂಟಿಂಗ್ ಆಗಿದ್ದು ಆಗುಂಬೆಯಲ್ಲಿ, ಮಾಲ್ಗುಡಿ ಅನ್ನುವ ಊರೇ ಇಲ್ಲ. ಅಂಥದಕ್ಕೆ ಸುಮ್ನೆ ಎಲ್ಲೋ ಪಿನ್ ಚುಚ್ಚಬೇಡಿ. ನಕ್ಷೆಯ ಮಾಹಿತಿ ಬರೆದಿಡುವ ಜಿಯೋಜೇಸನ್ ಫೈಲಿನಲ್ಲಿ ಸ್ಥಾನದ ವಿವರ ಖಾಲಿ ಬಿಡಬಹುದು.

ಇನ್ನು, ಕಾರವಾರದ ಪಿನ್ ಎಲ್ಲೋ ಸಮುದ್ರದಲ್ಲಿ ಬಿತ್ತು ಅಂದಿರಲ್ಲ, ಅದು ಅಕ್ಷಾಂಶ, ರೇಖಾಂಶ ಉಲ್ಟಾ ಬರೆದದ್ದರಿಂದ. ಗೂಗಲ್ ಮ್ಯಾಪ್ಸ್ ಅಕ್ಷಾಂಶ ಮೊದಲು ಕೊಡುತ್ತದೆ (14.8, 74.1). ಜಿಯೋಜೇಸನ್‌ಗೆ ರೇಖಾಂಶ ಮೊದಲು ಬೇಕು. ಹಾಗೇ ಅಂಟಿಸಿದರೆ ಕಾರವಾರ ನಾರ್ವೆಯ ಉತ್ತರಕ್ಕೆ, ಹಿಮದ ಕಡಲಿಗೆ ಹೋಗುತ್ತದೆ! ನನ್ನ ಗೋಕರ್ಣವೂ ಒಮ್ಮೆ ಅಲ್ಲಿಗೇ ಹೋಗಿ ಬಂದಿದೆ.

ಶೂಟಿಂಗ್ ಆದ ವರ್ಷದ ಕಾಲಂ ಮರೀಬೇಡಿ. ಕಾರವಾರದ ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿಯಿತು. ಹಳೇ ಸಿನಿಮಾದಲ್ಲಿ ಅದು ಕಂಡರೆ ಈಗಿನ ಸ್ಯಾಟಲೈಟ್ ಚಿತ್ರದಲ್ಲಿ ಹುಡುಕಿ ಪ್ರಯೋಜನವಿಲ್ಲ, ಅಲ್ವಾ?

ಯಾಣದ್ದು ಬೇರೆ ತಲೆನೋವು. ‘ನಮ್ಮೂರ ಮಂದಾರ ಹೂವೆ’ (1996) ನೋಡಿದವರೆಲ್ಲ ಭೈರವೇಶ್ವರ ಶಿಖರದ ಮೇಲೇ ಪಿನ್ ಹಾಕುತ್ತಾರೆ. ಆದರೆ ಕ್ಯಾಮೆರಾ ಕೆಳಗೆ ನಿಂತು ಬಂಡೆಯನ್ನು ಮೇಲೆ ನೋಡುತ್ತಿದ್ದರೆ ಪಿನ್ ಶಿಖರಕ್ಕೆ ಸಲ್ಲದು. ನಿಂತ ಜಾಗಕ್ಕೆ ಒಂದು ಬಿಂದು ಹಾಕಿ, ನೋಡಿದ ದಿಕ್ಕನ್ನು ಡಿಗ್ರಿಯಲ್ಲಿ ಪಕ್ಕದ ಕಾಲಂನಲ್ಲಿ ಬರೆಯಿರಿ.