10 ದಿನಕ್ಕೆ 5 ಜೊತೆ ಸಾಕು

ನಾಲ್ಕು ಜನ, 10 ದಿನದ ಪ್ರವಾಸ. ದಿನಕ್ಕೊಂದು ಜೊತೆ ಬಟ್ಟೆ ತುಂಬಿಕೊಳ್ಳಬೇಕಾ, ನಡುವೆ ಒಗೆಯಬೇಕಾ ಅಂತ ಕೇಳಿದ್ದೀರಿ. ನಡುವೆ ಒಂದು ಸಲ ಒಗೆಯಿರಿ. ತಲೆಗೆ 5 ಜೊತೆ ಸಾಕು. ಒಳಉಡುಪು, ಸಾಕ್ಸ್ ಎರಡೆರಡು ಜಾಸ್ತಿ ಇರಲಿ. ತೀರಾ ಚಿಕ್ಕ ಮಗು ಇದ್ದರೆ ಅದಕ್ಕೆ ಈ ಲೆಕ್ಕ ಬೇಡ, ಧಾರಾಳವಾಗಿ ಇಟ್ಟುಕೊಳ್ಳಿ.

ಒಗೆಯುವುದು ಸುಲಭ, ಒಣಗಿಸುವುದೇ ಕಷ್ಟ ಅಲ್ವಾ? ಅದಕ್ಕೇ ಒಂದೇ ಕಡೆ ಎರಡು ರಾತ್ರಿ ಉಳಿಯುವಾಗ, ಮೊದಲ ದಿನವೇ ಒಗೆದುಬಿಡಿ. ನಾವು ಒಮ್ಮೆ ಹೊರಡುವ ಹಿಂದಿನ ರಾತ್ರಿ ಒಗೆದು, ಹಸಿ ಬಟ್ಟೆಯನ್ನೇ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದ್ದೆವು. ಮರುದಿನ ಚೀಲ ಬಿಚ್ಚಿದರೆ ಮುಗ್ಗಲು ವಾಸನೆ. ಎಲ್ಲವನ್ನೂ ಮತ್ತೆ ಒಗೆಯಬೇಕಾಯಿತು.

ಹಿಂಡಿದ ಅಂಗಿಯನ್ನು ಒಣ ಟವೆಲ್ ಮೇಲೆ ಹಾಸಿ, ಚಾಪೆ ಸುತ್ತುವ ಹಾಗೆ ಬಿಗಿಯಾಗಿ ಸುತ್ತಿ, ಮಂಡಿಯೂರಿ ಒತ್ತಿ. ಟವೆಲ್ ನೀರು ಹೀರಿಕೊಳ್ಳುತ್ತದೆ, ಅಂಗಿ ಬೇಗ ಒಣಗುತ್ತದೆ. ಪಾಲಿಯೆಸ್ಟರ್ ಕಡಿಮೆ ನೀರು ಹಿಡಿಯುವುದರಿಂದ ಇನ್ನೂ ಬೇಗ. ಜೀನ್ಸ್ ಒಗೆಯಲೇಬೇಡಿ. ಬೆಳಗ್ಗೆ ಮುಟ್ಟಿದರೂ ಸೊಂಟದ ಪಟ್ಟಿ, ಜೇಬು ತಣ್ಣಗೆ ಹಸಿಯಾಗೇ ಇರುತ್ತವೆ.

ದಿನಾ ಊರು ಬದಲಿಸುತ್ತೀರಿ, ಇಲ್ಲವೇ ಮಳೆಗಾಲ ಅಂದರೆ ಮಾತ್ರ ಸುಮ್ನೆ ಒಂದೆರಡು ಜೊತೆ ಜಾಸ್ತಿ ಹಾಕಿಕೊಳ್ಳಿ.