ಪೂಜೆಗೆ ಹೋಗುವ ನನಗೆ ಬೀದಿಯಲ್ಲಿ ಮಲಗಿದವರನ್ನು ಕಂಡರೆ ಮುಜುಗರ. ನಾನೆಂಥ ಕ್ರೈಸ್ತ?

ಮುಜುಗರ ಆಗುತ್ತದೆ, ದೂರ ಸರಿದು ಹೋಗುತ್ತೇನೆ ಅಂತ ಬರೆದಿದ್ದೀರಿ. ನಾನೂ ನಿಮ್ಮ ಹಾಗೇ. ವಿರಾಜಪೇಟೆಯವಳು, ಸಂತ ಅನ್ನಮ್ಮ ಚರ್ಚಿಗೆ ಹೋಗುವವಳು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟಿದ್ದರಿಂದ 1792ರಲ್ಲಿ ಶುರುವಾದ ಚರ್ಚ್ ಅದು. ನೆಲೆ ಇಲ್ಲದೆ ಬಂದವರು ಕಟ್ಟಿದ ಚರ್ಚಿಗೆ ಹೋಗುವ ನಾವು ಜಗಲಿಯಲ್ಲಿ ಮಲಗಿದವನನ್ನು ಕಂಡು ಕೊಡೆ ಓರೆ ಮಾಡುತ್ತೇವೆ, ಅಲ್ವಾ?

ಒಂದು ಜುಲೈ. ಬಾಗಿಲು ಹಾಕಿದ ಅಂಗಡಿ ಜಗಲಿಯಲ್ಲಿ ಒಬ್ಬ ವಯಸ್ಸಾದವರು ನೀಲಿ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಕೂತಿರುತ್ತಿದ್ದರು. ಒದ್ದೆ ಕಂಬಳಿ, ಬೀಡಿ ವಾಸನೆ. ಎರಡು ಭಾನುವಾರ ಮುಖ ನೋಡದೆ ಹತ್ತು ರೂಪಾಯಿ ಇಟ್ಟು ಬಂದೆ. ಮುಂದಿನ ತಿರುವು ದಾಟುವವರೆಗೆ ಮನಸ್ಸು ಹಗುರ, ಅಷ್ಟೇ. ಮನೆ ಕಂದಾಯದ ಜೊತೆ ಭಿಕ್ಷುಕರ ಪುನರ್ವಸತಿಗೆ ಅಂತ ಶೇಕಡಾ 3 ಕರ ಕಟ್ಟುತ್ತೇನಲ್ಲ ಅಂತಲೂ ಸಮಾಧಾನ ಮಾಡಿಕೊಂಡಿದ್ದೆ!

ಮೂರನೇ ವಾರ ಮಳೆ ಹೇಗೆ ಹೊಡೆಯಿತು ಅಂದರೆ, ಅದೇ ಜಗಲಿ ಹತ್ತಬೇಕಾಯಿತು. ಅವರು ತಮ್ಮ ಗಂಟು ಎಳೆದುಕೊಂಡು, "ನೆನೀತೀರಕ್ಕ, ಈ ಕಡೆ ಬನ್ನಿ" ಅಂದರು. ಇದ್ದ ಒಣ ಜಾಗ ಅದೊಂದೇ. ಆಮೇಲೆ ಸುಮ್ನೆ ನಿಲ್ಲುವುದು ಹೇಗೆ? ಹೆಸರು ಕೇಳಿದೆ. ತೋಟದ ಮಾಲೀಕರು ಕೆಲಸದವರಿಗೆ ಕೊಡುವ ಲೈನ್ ಮನೆಯಲ್ಲಿ ಮೂವತ್ತು ವರ್ಷ ಇದ್ದವರಂತೆ. ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಕೈ ಮುರಿಯಿತು. ಕೆಲಸ ಹೋಯಿತು, ಲೈನ್ ಮನೆಯೂ ಹೋಯಿತು.

ಟೀ, ಬನ್ನು ತಂದುಕೊಟ್ಟೆ. ಟೀ ಬಾಯಿಗಿಟ್ಟು, "ಸಕ್ಕರೆ ಆಗಲ್ಲ, ಶುಗರಿದೆ" ಅಂದರು. ನನಗೆ ನಾಚಿಕೆಯಾಯಿತು. ಜೆರಿಕೊದ ಕುರುಡ ಭಿಕ್ಷುಕನನ್ನು ಯೇಸು "ನಿನಗೇನು ಬೇಕು" ಅಂತ ಕೇಳುತ್ತಾರೆ. ಕಣ್ಣಿಲ್ಲದವನಿಗೆ ಏನು ಬೇಕು ಅಂತ ಯಾರಿಗೆ ಗೊತ್ತಾಗುವುದಿಲ್ಲ? ಆದರೂ ಕೇಳುತ್ತಾರೆ. ನಾನು ಕೇಳಿರಲಿಲ್ಲ. ಲೂಕನ ಸುವಾರ್ತೆಯ ಕಥೆಯಲ್ಲೂ ಬಾಗಿಲ ಹೊರಗೆ ಹುಣ್ಣು ತುಂಬಿಕೊಂಡು ಬಿದ್ದಿದ್ದ ಬಡವನಿಗೆ ಲಾಜರ ಅಂತ ಹೆಸರಿದೆ, ಒಳಗೆ ಉಣ್ಣುತ್ತಿದ್ದ ಶ್ರೀಮಂತನಿಗೆ ಇಲ್ಲ.

ಅವರಿಗೆ ಬೇಕಾಗಿದ್ದದ್ದು ಶುಗರ್ ಮಾತ್ರೆ. ಆಸ್ಪತ್ರೆ ಚೀಟಿ ನೆನೆದು ಮುದ್ದೆಯಾಗಿತ್ತು. ಸೋಮವಾರ ಜೊತೆಗೆ ಹೋಗಿ ಸರತಿಯಲ್ಲಿ ನಿಂತು ಹೊಸ ಚೀಟಿ ಮಾಡಿಸಿದೆವು. ನನ್ನಿಂದ ಆದದ್ದು ಅಷ್ಟೇ.

ಹಾಗಾಗಿ ಮುಜುಗರಕ್ಕೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ, ಅದು ಮೈಯದ್ದು. ಮುಜುಗರ ಇಟ್ಟುಕೊಂಡೇ ಹೆಸರು ಕೇಳಬಹುದು. ಕುಡಿದು ಕೂಗಾಡುವವರ ಹತ್ತಿರ ಮಾತ್ರ ಒಬ್ಬರೇ ಹೋಗಬೇಡಿ. ನಾನೇನೂ ಬದಲಾಗಿಬಿಟ್ಟಿಲ್ಲ. ಮೊನ್ನೆ ಗೋಣಿಕೊಪ್ಪದಲ್ಲಿ ಒಬ್ಬ ಹೆಂಗಸು ಕೈ ಚಾಚಿದರು. ಬಸ್ಸು ಹೊರಟಿತ್ತು, ಮುಖ ತಿರುಗಿಸಿಕೊಂಡು ಹತ್ತಿದೆ.